ಎಸ್.ಪಿ. ರೋಡಿನ ಮಿಲಿಗ್ರಾಂ ತಕ್ಕಡಿ: ಪೆಲೆಟ್ ತೂಗೋಕೆ ಇದು ನಿಜವಾಗ್ಲೂ ಬೇಕಾ?

ಏರ್ ರೈಫಲ್ ಹೊಡೆಯುವವರ ನಡುವೆ ಈಗ ಒಂದು ಗೀಳು ಹಬ್ಬಿದೆ. ಪೆಲೆಟ್‌ಗಳನ್ನು, ಅಂದರೆ ಅದಕ್ಕೆ ಹಾಕುವ ಪುಟ್ಟ ಸೀಸದ ಗುಂಡುಗಳನ್ನು, ಒಂದೊಂದಾಗಿ ತೂಗುವುದು, ಒಂದೇ ತೂಕದವನ್ನು ಆರಿಸಿ ಬೇರೆ ಬೇರೆ ಡಬ್ಬಿಗೆ ಹಾಕಿಡುವುದು. ಮ್ಯಾಚ್‌ಗೆ ಒಂದು ಡಬ್ಬಿ, ಪ್ರಾಕ್ಟೀಸ್‌ಗೆ ಇನ್ನೊಂದು. ಇದಕ್ಕೆ ಅಂತ ಎಲ್ಲರೂ ಕೊಳ್ಳುವುದು ಅಂಗೈಯಗಲದ ಒಂದು ಡಿಜಿಟಲ್ ತಕ್ಕಡಿ. 50 ಗ್ರಾಂವರೆಗೆ ತೂಗುತ್ತದೆ, 0.001 ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡು ಸಾವಿರದೊಳಗೆ ನನಗೂ ಒಂದು ಸಿಕ್ಕಿತು. ಬ್ರಾಂಡ್ ಹೆಸರು ಬರೆದು ಪ್ರಯೋಜನವಿಲ್ಲ. ಅದೇ ಮೈ, ಅದೇ ಬಟನ್, ಅದೇ ನೀಲಿ ಲೈಟು, ಮೇಲಿನ ಸ್ಟಿಕ್ಕರ್ ಮಾತ್ರ ಅಂಗಡಿಯಿಂದ ಅಂಗಡಿಗೆ ಬೇರೆ.

ನಾನು ಪೀಣ್ಯದಲ್ಲಿ ಒಂದು ಟೂಲ್ ರೂಮಿನ ಇನ್ಸ್‌ಪೆಕ್ಷನ್ ಕೆಲಸದವನು. ಹಗಲೆಲ್ಲ ಮೈಕ್ರೋಮೀಟರ್, ಡಯಲ್ ಗೇಜ್, ಸ್ಲಿಪ್ ಗೇಜ್ ಜೊತೆಗೇ ಸಂಸಾರ. ಯಾವ ಯಂತ್ರ ಏನು ಹೇಳಿದರೂ ಒಂದು ಸಲ ಅನುಮಾನಿಸಿ ನೋಡುವುದು ರಕ್ತದಲ್ಲೇ ಬಂದುಬಿಟ್ಟಿದೆ. ಭಾನುವಾರ 10 ಮೀಟರ್ ರೈಫಲ್ ಹೊಡೆಯುತ್ತೇನೆ. ಹಳೇ ವಾಲ್ಥರ್ ಎಲ್‌ಜಿ 300, ನನ್ನ ಕೈಗೆ ಬರುವ ಹೊತ್ತಿಗೆ ಇಬ್ಬರು ಮಾಲೀಕರನ್ನು ಕಂಡಿತ್ತು. ಅಕ್ಕನ ಮಗಳೂ ಹೊಡೆಯುತ್ತಾಳೆ, ನನಗಿಂತ ಎಷ್ಟೋ ಚೆನ್ನಾಗಿ. ತಕ್ಕಡಿ ತಂದಿದ್ದು ಅವಳ ನೆಪದಲ್ಲಿ. ಆಸೆ ನನ್ನದೇ.

ಈ ಗೀಳಿಗೆ ಕಾರಣ ಇಲ್ಲದೇ ಇಲ್ಲ. 10 ಮೀಟರ್ ರೈಫಲ್ ಟಾರ್ಗೆಟ್‌ನ ನಟ್ಟನಡುವಿನ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ಒಂಬತ್ತರ ಸುತ್ತು 5.5 ಮಿ.ಮೀ. ಪೆಲೆಟ್ಟೇ 4.5 ಮಿ.ಮೀ. ದಪ್ಪ. ಈಗ ದಶಾಂಶದಲ್ಲಿ ಲೆಕ್ಕ: ನಡುಮಧ್ಯಕ್ಕೆ ಬಿದ್ದರೆ 10.9, ಅಲ್ಲಿಂದ ಆಚೆಗೆ ಪ್ರತಿ 0.25 ಮಿ.ಮೀ.ಗೆ 0.1 ಕಡಿಮೆ. 60 ಹೊಡೆತಕ್ಕೆ ಅತಿ ಹೆಚ್ಚು ಅಂದರೆ 654. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು 700.5ಕ್ಕೆ (ಆಗ 60 ಹೊಡೆತದ ಸ್ಕೋರಿಗೆ ಫೈನಲ್‌ನ ಹತ್ತು ಹೊಡೆತದ್ದೂ ಸೇರುತ್ತಿತ್ತು). ಎರಡನೇ ಸ್ಥಾನಕ್ಕೆ ಬಂದ ಚೀನಾದ ಝು ಕಿನಾನ್‌ಗೆ 699.7. ನಡುವಿನ ಅಂತರ 0.8. ಇಷ್ಟು ಗೊತ್ತಾದ ಮೇಲೆ ಯಾರಿಗೇ ಆಗಲಿ, ಡಬ್ಬಿಯೊಳಗಿನ ಒಂದೊಂದು ಪೆಲೆಟ್ ಮೇಲೂ ಅನುಮಾನ ಹುಟ್ಟುವುದು ಸಹಜ ಅಲ್ವಾ?

ಮೊದಲು ತಕ್ಕಡಿಯ ಗುಣ ನೋಡೋಣ. ಡಬ್ಬಿಯಲ್ಲಿ ತಕ್ಕಡಿ, ಒಂದು ಪುಟ್ಟ ತಟ್ಟೆ, ಒಂದು ಚಿಮಟ, 20 ಗ್ರಾಂನ ಎರಡು ಕ್ಯಾಲಿಬ್ರೇಷನ್ ಬಟ್ಟು, ಸಣ್ಣ ಸೆಲ್ಲು. ಇಂಗ್ಲಿಷೋ ಚೈನೀಸೋ ಗೊತ್ತಾಗದ ಒಂದು ಚೀಟಿ. ತಕ್ಕಡಿಯ ಮೈಕಟ್ಟು ಮಾತ್ರ ಪರವಾಗಿಲ್ಲ. ಮುಚ್ಚಳದ ಹಿಂಜ್ ಬಿಗಿಯಾಗಿದೆ, ತಟ್ಟೆ ಅಲ್ಲಾಡುವುದಿಲ್ಲ. ಚಿಮಟವನ್ನು ಮಾತ್ರ ಆಚೆ ಇಡಿ. ಅದರ ತುದಿ ಚೂಪು. ಮೆತ್ತನೆಯ ಸೀಸದ ಮೇಲೆ ಗೀರು ಬೀಳುತ್ತದೆ. ನಾನು ಸ್ಟಾಂಪ್ ಸಂಗ್ರಹಿಸುವವರು ಬಳಸುವ ಚಪ್ಪಟೆ ತುದಿಯ ಚಿಮಟ ಇಟ್ಟುಕೊಂಡಿದ್ದೇನೆ.

20 ಗ್ರಾಂ ಬಟ್ಟಿಟ್ಟು ಕ್ಯಾಲಿಬ್ರೇಟ್ ಮಾಡಿ, 20 ಗ್ರಾಂ ಸರಿಯಾಗಿ ತೋರಿಸಿತು ಅಂತ ಖುಷಿಪಡುವುದರಲ್ಲಿ ಅರ್ಥವಿಲ್ಲ. ನಾವು ತೂಗುವುದು ಅರ್ಧ ಗ್ರಾಂ ಆಸುಪಾಸಿನ ವಸ್ತು. ಹಾಗಾಗಿ ನಮ್ಮ ಲ್ಯಾಬಿನ ಬಟ್ಟಿನ ಪೆಟ್ಟಿಗೆಯಲ್ಲಿರುವ 500 ಮಿಲಿಗ್ರಾಂ ಬಟ್ಟಿನ ಮುಂದೆ ಕೂರಿಸಿದೆ. ಒಂದೇ ಬಟ್ಟನ್ನು ಇಟ್ಟು ತೆಗೆದು, ಇಟ್ಟು ತೆಗೆದು ನೋಡಿದರೆ ಒಮ್ಮೆ 0.500, ಒಮ್ಮೆ 0.501, ಒಮ್ಮೆ 0.498. ಎರಡು ಮಿಲಿಗ್ರಾಂ ಆಚೆ ಈಚೆ ಓಡಾಡುತ್ತಲೇ ಇರುತ್ತದೆ. ಈ ದುಡ್ಡಿಗೆ ಇದು ಕೆಟ್ಟದ್ದಲ್ಲ. ಆದರೆ ಪರದೆ ಮೇಲೆ ಮೂರು ದಶಾಂಶ ಕಂಡ ಮಾತ್ರಕ್ಕೆ ಮೂರನೆಯದು ನಿಜ ಅಂತ ನಂಬಬಾರದು. ನಮ್ಮಲ್ಲಿ ಹೊಸದಾಗಿ ಸೇರುವ ಹುಡುಗರಿಗೆ ಮೊದಲ ವಾರ ಹೇಳಿಕೊಡುವ ಪಾಠ ಇದೇ. ಲೀಸ್ಟ್ ಕೌಂಟ್ (ತೋರಿಸಬಲ್ಲ ಅತಿ ಸಣ್ಣ ಅಳತೆ) ಬೇರೆ, ರಿಪೀಟಬಿಲಿಟಿ (ಅದೇ ವಸ್ತುವಿಗೆ ಪ್ರತಿ ಸಲವೂ ಅದೇ ಅಳತೆ ಕೊಡುವ ಗುಣ) ಬೇರೆ.

ಇನ್ನು ಫ್ಯಾನ್. ಫ್ಯಾನ್ ತಿರುಗುತ್ತಿದ್ದರೆ ಈ ತಕ್ಕಡಿ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಏಪ್ರಿಲ್ ತಿಂಗಳ ರಾಜಾಜಿನಗರದ ಮೊದಲ ಮಹಡಿಯಲ್ಲಿ ಕೂತು ತೂಗಿ ನೋಡಿ, ಆಮೇಲೆ ಹೇಳಿ. ನಗರತ್‌ಪೇಟೆಯ ಚಿನ್ನದಂಗಡಿಗಳಲ್ಲಿ ತಕ್ಕಡಿಯನ್ನು ಗಾಜಿನ ಗೂಡೊಳಗೆ ಇಟ್ಟಿರುತ್ತಾರಲ್ಲ, ಸುಮ್ನೆ ಇಟ್ಟಿರುವುದಲ್ಲ ಅದು. ನಾನು ಮೈಸೂರ್‌ಪಾಕ್ ಬಂದಿದ್ದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿ ಕತ್ತರಿಸಿ ಮೇಲೆ ಬೋರಲು ಹಾಕಿದೆ. ಆಮೇಲೆ ಅಂಕಿ ನಿಂತಿತು. ಪಕ್ಕದಲ್ಲಿ ಮೊಬೈಲ್ ಇಡಬೇಡಿ, ರಿಂಗ್ ಬಂದರೆ ಅಂಕಿ ಕುಣಿಯುತ್ತದೆ. ಆನ್ ಮಾಡಿದ ಕೂಡಲೇ ತೂಗಬೇಡಿ, ಹತ್ತು ಹದಿನೈದು ನಿಮಿಷ ಬಿಡಿ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಎರಡು ವಿಷಯಕ್ಕೆ. ಒಂದು ನಿಮಿಷ ಮುಟ್ಟದೆ ಬಿಟ್ಟರೆ ತಾನೇ ಆಫ್ ಆಗುತ್ತದೆ. ಇದನ್ನು ನಿಲ್ಲಿಸುವ ದಾರಿ ನನ್ನ ತಕ್ಕಡಿಯಲ್ಲಂತೂ ಇಲ್ಲ. ಬಾಗಿಲಲ್ಲಿ ಕೊರಿಯರ್‌ನವನಿಗೆ ಸಹಿ ಹಾಕಿ ಬರುವಷ್ಟರಲ್ಲಿ ಕತ್ತಲೆ. ಮತ್ತೆ ಆನ್, ಮತ್ತೆ ಕಾಯುವುದು. ಎರಡನೆಯದು ಇನ್ನೂ ಮೋಸ. ಸೊನ್ನೆ ಹತ್ತಿರ ಒಂದೆರಡು ಮಿಲಿಗ್ರಾಂ ಜರುಗಿದರೆ ತಕ್ಕಡಿ ಅದನ್ನು ಮುಚ್ಚಿಟ್ಟು 0.000 ಅಂತಲೇ ತೋರಿಸುತ್ತದೆ. ನೋಡುವವರಿಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಹಾಗಾಗಿ ಹತ್ತು ಪೆಲೆಟ್‌ಗೊಮ್ಮೆ ತೂಕ ಗೊತ್ತಿರುವ ಒಂದು ಬಟ್ಟನ್ನು ಇಟ್ಟು ನೋಡಲೇಬೇಕು. ಬಟ್ಟು ಇಲ್ಲದಿದ್ದರೆ ಒಂದು ಪೆಲೆಟ್ಟಿಗೆ ಬಣ್ಣ ಬಳಿದು ಅದನ್ನೇ ಗುರುತಿಗೆ ಇಟ್ಟುಕೊಳ್ಳಿ.

ಈಗ ಪೆಲೆಟ್. ಒಂದನ್ನು ಅಂಗೈ ಮೇಲೆ ಇಟ್ಟು ನೋಡಿ. ಪುಟ್ಟ ಡಮರುಗದ ಹಾಗೆ ಇರುತ್ತದೆ. ತಲೆ ಚಪ್ಪಟೆ, ಕಾಗದದಲ್ಲಿ ದುಂಡಗೆ ಕೊರೆದ ತೂತು ಬೀಳಲಿ ಅಂತ. ನಡು ಸಣ್ಣ. ಹಿಂಭಾಗ ಟೊಳ್ಳು, ಅದರ ಅಂಚಿಗೆ ಸ್ಕರ್ಟ್ ಅನ್ನುತ್ತಾರೆ. ಹಿಂದಿನಿಂದ ಗಾಳಿ ಒತ್ತಿದಾಗ ಈ ಸ್ಕರ್ಟ್ ಅರಳಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ. ತಲೆ ನಳಿಗೆಯೊಳಗಿನ ಸುರುಳಿ ಗೆರೆಗಳ ಮೇಲೆ ಜಾರುತ್ತದೆ. ಮ್ಯಾಚ್ ರೈಫಲ್‌ಗೆ ಸಾಮಾನ್ಯವಾಗಿ 0.53 ಗ್ರಾಂನದು ಬಳಸುತ್ತಾರೆ. ಹಳೇ ಕಾಲದ ಅಕ್ಕಸಾಲಿಗರ ಲೆಕ್ಕದಲ್ಲಿ ನಾಲ್ಕು ಗುಲಗಂಜಿಗಿಂತ ಚೂರು ಜಾಸ್ತಿ. ಜರ್ಮನಿಯ ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಆರ್‌ಡಬ್ಲ್ಯೂಎಸ್ ಆರ್10, ಇವೆರಡು ನಮ್ಮ ರೇಂಜ್‌ಗಳಲ್ಲಿ ಮಾಮೂಲು. ಡಬ್ಬಿಗೆ 500.

ಫಿನಾಲೆ ಮ್ಯಾಚ್ ಡಬ್ಬಿ ತೆರೆದು ತೂಗಿದೆ. ಹೆಚ್ಚಿನವು 0.530ರಿಂದ ಎರಡು ಮೂರು ಮಿಲಿಗ್ರಾಂ ಆಚೆ ಈಚೆ. ಈಗ ಹಿಂದಿನ ಮಾತು ನೆನಪಿಸಿಕೊಳ್ಳಿ. ತಕ್ಕಡಿಯೇ ಎರಡು ಮಿಲಿಗ್ರಾಂ ಓಡಾಡುತ್ತದೆ. ಅಂದರೆ ನಾನು ವಿಂಗಡಿಸುತ್ತಿದ್ದದ್ದು ಪೆಲೆಟ್ಟನ್ನೋ, ತಕ್ಕಡಿಯ ಹುಚ್ಚಾಟವನ್ನೋ? 0.532ರ ಡಬ್ಬಿಗೆ ಹಾಕಿದ್ದನ್ನು ಮಾರನೇ ದಿನ ಮತ್ತೆ ತೂಗಿದರೆ ಅರ್ಧಕ್ಕರ್ಧ 0.530, 0.531. ಇಷ್ಟಕ್ಕೆ ಇಡೀ ಸಂಜೆ ಬಲಿ. ಒಂದಕ್ಕೆ ಹತ್ತು ಸೆಕೆಂಡ್ ಅಂತಲೇ ಹಿಡಿಯಿರಿ, 500ಕ್ಕೆ 80 ನಿಮಿಷ ದಾಟುತ್ತದೆ. 60 ಹೊಡೆತದ ಮ್ಯಾಚಿಗೇ ಎಲೆಕ್ಟ್ರಾನಿಕ್ ಟಾರ್ಗೆಟ್‌ನಲ್ಲಿ ಕೊಡುವುದು 75 ನಿಮಿಷ. "ಮಾಮ, ನೀವು ಡಬ್ಬಿ ಮುಗಿಸೋಷ್ಟರಲ್ಲಿ ನಾನು ಒಂದು ಮ್ಯಾಚ್ ಹೊಡೆದು ಕಾಫಿನೂ ಕುಡಿದು ಬರ್ತೀನಿ" ಅಂತ ಅಕ್ಕನ ಮಗಳು ನಗುತ್ತಾಳೆ. ಅವಳ ಲೆಕ್ಕ ಸರಿಯಾಗೇ ಇದೆ.

ಸರಿ, ತಕ್ಕಡಿ ಪಕ್ಕಾ ಇದೆ ಅಂತಲೇ ಇಟ್ಟುಕೊಳ್ಳೋಣ. ಐದು ಮಿಲಿಗ್ರಾಂ ವ್ಯತ್ಯಾಸವಾದರೆ ಟಾರ್ಗೆಟ್ ಮೇಲೆ ಏನಾಗುತ್ತದೆ? ಇದನ್ನು ಯಾರೂ ಲೆಕ್ಕ ಹಾಕಿ ನೋಡಿದ ಹಾಗೆ ಕಾಣುವುದಿಲ್ಲ. ಹೈಸ್ಕೂಲ್ ಭೌತಶಾಸ್ತ್ರ ಸಾಕು. ಮ್ಯಾಚ್ ಏರ್ ರೈಫಲ್‌ನಿಂದ ಪೆಲೆಟ್ ಹೊರಡುವುದು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ. 10 ಮೀಟರ್ ದಾಟಲು ಸೆಕೆಂಡಿನ ನೂರರಲ್ಲಿ ಆರು ಭಾಗ ಬೇಕು. ಅಷ್ಟರಲ್ಲಿ ಭೂಮಿ ಅದನ್ನು 17-18 ಮಿ.ಮೀ. ಕೆಳಕ್ಕೆಳೆಯುತ್ತದೆ. ರೈಫಲ್‌ನ ಗುರಿ ನೋಡುವ ಸೈಟ್ ಹೊಂದಿಸುವಾಗಲೇ ಈ ಇಳಿತ ಲೆಕ್ಕಕ್ಕೆ ಬಂದಿರುತ್ತದೆ. ಪೆಲೆಟ್ ಐದು ಮಿಲಿಗ್ರಾಂ ಭಾರವಾದರೆ, ಅಂದರೆ ಶೇಕಡಾ 1ರಷ್ಟು, ಅದೇ ಗಾಳಿಯ ಶಕ್ತಿಗೆ ವೇಗ ಶೇಕಡಾ ಅರ್ಧದಷ್ಟು ಇಳಿಯುತ್ತದೆ. ಇಳಿತ ಶೇಕಡಾ 1ರಷ್ಟು ಹೆಚ್ಚುತ್ತದೆ. 17-18 ಮಿ.ಮೀ.ನಲ್ಲಿ ಶೇಕಡಾ 1 ಅಂದರೆ 0.17, 0.18 ಮಿ.ಮೀ. ಒಂದು ದಶಾಂಶ ಕಳೆದುಕೊಳ್ಳಲು 0.25 ಬೇಕು. ಐದು ಮಿಲಿಗ್ರಾಂ ತಪ್ಪಿದರೂ ಪೂರ್ತಿ 0.1 ಹೋಗುವುದಿಲ್ಲ. ಒಳ್ಳೇ ಡಬ್ಬಿಯಲ್ಲಿ ಇರುವುದೇ ಎರಡು ಮೂರು ಮಿಲಿಗ್ರಾಂ ವ್ಯತ್ಯಾಸ. ಉಸಿರು ಬಿಗಿಹಿಡಿದು ನಿಂತಾಗ ನನ್ನ ನಳಿಗೆ ತುದಿ ಅಲ್ಲಾಡುವುದು ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಅಗ್ಗದ ಡಬ್ಬಿಯ ಕಥೆ ಬೇರೆ. ಹಿತ್ತಲಲ್ಲಿ ಡಬ್ಬ ಹೊಡೆಯುವವರಿಗೆ ಅಂತ ಮಾರುವ ಒಂದು ಡಬ್ಬಿ ತಂದು ತೂಗಿದರೆ, ಒಂದಕ್ಕೂ ಇನ್ನೊಂದಕ್ಕೂ 30 ಮಿಲಿಗ್ರಾಂವರೆಗೂ ವ್ಯತ್ಯಾಸ. ಅದೇ ಲೆಕ್ಕದಲ್ಲಿ ಸುಮಾರು 1 ಮಿ.ಮೀ., ಹತ್ತಿರಹತ್ತಿರ 0.4 ಪಾಯಿಂಟ್. ಅಲ್ಲಿ ತಕ್ಕಡಿ ಕೆಲಸಕ್ಕೆ ಬರುತ್ತದೆ, ನಿಜ. ಆದರೆ ಅಲ್ಲಿ ತೂಕ ಒಂದೇ ಕಾಯಿಲೆ ಅಲ್ಲ. ಸ್ಕರ್ಟ್ ಸೊಟ್ಟ, ತಲೆಯ ಅಂಚಿನಲ್ಲಿ ಅಚ್ಚಿನ ಗೆರೆ, ಒಳಗೆಲ್ಲ ಸೀಸದ ಪುಡಿ. ತೂಗಿ ಆರಿಸಿದರೂ ಟಾರ್ಗೆಟ್ ಮೇಲೆ ತೂತುಗಳ ಗುಂಪು ಚದುರುವುದು ತಪ್ಪಲಿಲ್ಲ. ತೂಗುವ ಸಮಯಕ್ಕೆ ಬೆಲೆ ಕಟ್ಟಿದರೆ ಒಳ್ಳೇ ಡಬ್ಬಿಯೇ ಅಗ್ಗ.

ಹಾಗಾದರೆ ಈ ತೂಗುವ ಚಟ ಎಲ್ಲಿಂದ ಬಂತು? ನನ್ನ ಊಹೆ, ಅಮೆರಿಕದ ವಾರ್ಮಿಂಟ್ ರೈಫಲ್ ಮಂದಿಯ ವಿಡಿಯೋಗಳಿಂದ. ಅಲ್ಲಿ ಹೊಲಗಳಲ್ಲಿ ಬಿಲ ತೋಡುವ ಸಣ್ಣ ಪ್ರಾಣಿಗಳನ್ನು .223 ರೆಮಿಂಗ್ಟನ್, .22-250ರಂಥ ಸಣ್ಣ ಕ್ಯಾಲಿಬರ್ ರೈಫಲ್‌ಗಳಲ್ಲಿ 200, 300 ಮೀಟರ್ ದೂರದಿಂದ ಹೊಡೆಯುತ್ತಾರೆ. ತೋಟಾಗಳನ್ನು ಮನೆಯಲ್ಲೇ ತುಂಬಿಸಿಕೊಳ್ಳುತ್ತಾರೆ. ಮದ್ದನ್ನು 0.1 ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ, ಅಂದರೆ ಆರೂವರೆ ಮಿಲಿಗ್ರಾಂ. ಅಲ್ಲಿ ಅದಕ್ಕೆ ಅರ್ಥವಿದೆ. ಮದ್ದು ಹೆಚ್ಚುಕಡಿಮೆ ಆದರೆ ವೇಗ ಬದಲಾಗುತ್ತದೆ, ಅಷ್ಟು ದೂರದಲ್ಲಿ ಗುರಿ ತಪ್ಪುತ್ತದೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ, ಆ ಮಾತು ಅಲ್ಲಿಗೇ ಮುಗಿಯಿತು. ಏರ್ ರೈಫಲ್‌ನಲ್ಲಿ ಮದ್ದೇ ಇಲ್ಲ. ಗಾಳಿಯ ಒತ್ತಡವನ್ನು ರೆಗ್ಯುಲೇಟರ್ ನೋಡಿಕೊಳ್ಳುತ್ತದೆ, ಪೆಲೆಟ್ಟನ್ನು ಕಾರ್ಖಾನೆ ನೋಡಿಕೊಳ್ಳುತ್ತದೆ. ನಮ್ಮ ಕೈಗೆ ಏನೂ ಉಳಿದಿಲ್ಲ. ಕೈ ಕಟ್ಟಿ ಕೂರುವುದಕ್ಕೆ ಆಗದೆ ತಕ್ಕಡಿ ಹಿಡಿದಿದ್ದೇವೆ ಅಂತ ನನಗನ್ನಿಸುತ್ತದೆ.

ನಿಜವಾಗಿ ಆರಿಸಬೇಕಾದ್ದು ಇನ್ನೊಂದಿದೆ, ತಲೆಯ ಸೈಜ್. ಫಿನಾಲೆ ಮ್ಯಾಚ್ 4.49, 4.50, 4.51 ಹೀಗೆ ಸಿಗುತ್ತದೆ. ಡಬ್ಬಿಯ ಮೇಲೆ ಬರೆದಿರುತ್ತದೆ. ನೂರರಲ್ಲಿ ಒಂದು ಮಿ.ಮೀ. ವ್ಯತ್ಯಾಸ, ಕೈಯಲ್ಲಿ ಹಿಡಿದರೆ ಗೊತ್ತಾಗುವುದಿಲ್ಲ. ನಳಿಗೆಗೆ ಗೊತ್ತಾಗುತ್ತದೆ. ಒಂದೇ ಮಾಡೆಲ್‌ನ ಎರಡು ರೈಫಲ್‌ಗಳಿಗೆ ಬೇರೆ ಬೇರೆ ಸೈಜ್ ಹಿಡಿಸಬಹುದು. "ಸರ್, ತೂಕ ಆಮೇಲೆ ನೋಡೋಣ, ಮೊದಲು ನಿಮ್ಮ ಬ್ಯಾರಲ್ ಏನು ತಿನ್ನುತ್ತೆ ನೋಡಿ" ಅಂತ ನಮ್ಮ ಕೋಚ್ ಮೊದಲಿಂದ ಹೇಳುತ್ತಿದ್ದರು.

ಅದಕ್ಕೆ ರೈಫಲನ್ನು ಬೆಂಚ್ ಮೇಲೆ ವೈಸ್‌ಗೆ (ಅಲ್ಲಾಡದಂತೆ ಬಿಗಿಹಿಡಿಯುವ ಇಕ್ಕಳಕ್ಕೆ) ಕಟ್ಟಿ ಹೊಡೆಯಬೇಕು, ಭುಜಕ್ಕಿಟ್ಟು ಹೊಡೆದರೆ ನಮ್ಮ ತಪ್ಪೂ ಅದರಲ್ಲಿ ಸೇರಿಬಿಡುತ್ತದೆ. ಮೊದಲ ಕೆಲವು ಹೊಡೆತ ಲೆಕ್ಕಕ್ಕಿಲ್ಲ, ನಳಿಗೆಗೆ ಹೊಸ ಪೆಲೆಟ್ಟಿನ ಸೀಸ ಹಿಡಿಯಲಿ. ಆಮೇಲೆ ಒಂದೇ ಕಾಗದಕ್ಕೆ ಹತ್ತು. ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ, ಅದರಲ್ಲಿ 4.5 ಕಳೆಯಿರಿ. ಉಳಿದದ್ದೇ ಗುಂಪಿನ ಅಗಲ. ನನ್ನ ವಾಲ್ಥರ್‌ಗೆ 4.50 ಹೊಡೆದಾಗ ಹೊರ ಅಳತೆ 5.6 ಆಸುಪಾಸು, ಹತ್ತು ತೂತು ಸೇರಿ ಒಂದೇ ತೂತಿನ ಹಾಗೆ ಕಾಣುತ್ತಿತ್ತು. 4.49ಕ್ಕೆ ಅದು 7ರ ಹತ್ತಿರ ಹೋಯಿತು. ಅಂದರೆ ಗುಂಪು 1.1ರಿಂದ 2.5ಕ್ಕೆ. ಬರೀ ಡಬ್ಬಿ ಬದಲಾಯಿಸಿದ್ದಕ್ಕೆ ಇಷ್ಟು. ಇದಕ್ಕೆ ಯಾವ ತಕ್ಕಡಿಯೂ ಬೇಕಾಗಲಿಲ್ಲ.

ಅದೇ ವೈಸ್‌ನಲ್ಲಿ 4.50ರ ತೂಗಿ ಆರಿಸಿದ ಪೆಲೆಟ್ಟನ್ನೂ, ಡಬ್ಬಿಯಿಂದ ನೇರ ತೆಗೆದದ್ದನ್ನೂ ಹೊಡೆದು ನೋಡಿದೆ. ವರ್ನಿಯರ್‌ಗೆ ವ್ಯತ್ಯಾಸ ಸಿಗಲಿಲ್ಲ. ಅಕ್ಕನ ಮಗಳಿಗೆ ಎರಡು ಡಬ್ಬಿ ಕೊಟ್ಟೆ, ಯಾವುದು ಯಾವುದು ಅಂತ ಹೇಳದೆ. ಅವಳು ಹೊಡೆದ ಸ್ಕೋರ್ ನೋಡಿ ಯಾವುದು ತೂಗಿದ್ದು ಅಂತ ಅವಳೂ ಹೇಳಲಿಲ್ಲ, ನಾನೂ ಹೇಳಲಾರದೆ ಹೋದೆ.

ತೂಗುವ ಬದಲು ನಾನೀಗ ಮಾಡುವುದು ಇಷ್ಟೇ. ಒಂದು ಗಾಜಿನ ಹಲಗೆಯನ್ನು ಒಂದು ಕಡೆ ಎರಡು ಪುಸ್ತಕ ಕೊಟ್ಟು ಸ್ವಲ್ಪ ಎತ್ತಿ ಇಡುತ್ತೇನೆ. ಮೇಲಿನಿಂದ ಪೆಲೆಟ್ಟನ್ನು ಉರುಳಿಬಿಡುತ್ತೇನೆ. ತಲೆಗೂ ಸ್ಕರ್ಟ್‌ಗೂ ದಪ್ಪ ಬೇರೆ ಇರುವುದರಿಂದ ಅದು ನೇರ ಉರುಳುವುದಿಲ್ಲ, ಬಾಗಿ ಉರುಳುತ್ತದೆ. ಒಳ್ಳೆಯವೆಲ್ಲ ಒಂದೇ ಬಾಗಿನಲ್ಲಿ ಹೋಗಿ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬೀಳುತ್ತವೆ. ಸ್ಕರ್ಟ್ ನೆಗ್ಗಿದ್ದು ಕುಂಟುತ್ತಾ ಬೇರೆ ದಾರಿ ಹಿಡಿಯುತ್ತದೆ. ಅದನ್ನು ಎತ್ತಿ, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನ ನೆಗ್ಗು ಎದ್ದು ಕಾಣುತ್ತದೆ. ಸ್ಕರ್ಟ್ ಒಂದು ಕಡೆ ನೆಗ್ಗಿದ್ದರೆ ಗಾಳಿ ಆ ಕಡೆಯಿಂದ ಸೋರಿ ಪೆಲೆಟ್ ಓರೆಯಾಗಿ ಹೊರಡುತ್ತದೆ. ತಕ್ಕಡಿಗೆ ಇದು ಕಾಣುವುದೇ ಇಲ್ಲ, ನೆಗ್ಗಿದ ಮಾತ್ರಕ್ಕೆ ತೂಕ ಕಡಿಮೆಯಾಗುವುದಿಲ್ಲವಲ್ಲ. ಡಬ್ಬಿ ಒಮ್ಮೆ ನೆಲಕ್ಕೆ ಬಿದ್ದಿದ್ದರೆ ಈ ಪರೀಕ್ಷೆ ಮಾಡದೆ ಮ್ಯಾಚಿಗೆ ಒಯ್ಯಬೇಡಿ.

ಒಂದು ಮಾತು, ಮಕ್ಕಳಿರುವ ಮನೆಯವರಿಗೆ. ಇದು ಸೀಸ. ಕೈಯಲ್ಲಿ ಹಿಡಿದು ಆರಿಸುತ್ತಾ ಕೂತರೆ ಬೆರಳೆಲ್ಲ ಬೂದಿ ಬಣ್ಣ. ಆ ಕೈಯಲ್ಲಿ ಕಡಲೆಕಾಯಿ ತಿನ್ನುವವರನ್ನು ನಾನು ರೇಂಜ್‌ನಲ್ಲೇ ನೋಡಿದ್ದೇನೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಅಡುಗೆಮನೆಯ ತಟ್ಟೆ ಲೋಟ ಬಳಸಬೇಡಿ. ನನ್ನ ಮೈಸೂರ್‌ಪಾಕ್ ಡಬ್ಬಿ ಮೇಲೆ ಕೆಂಪು ಮಾರ್ಕರ್‌ನಲ್ಲಿ ‘ಸೀಸ’ ಅಂತ ಬರೆದಿಟ್ಟಿದ್ದೇನೆ.

ತಕ್ಕಡಿ ದಂಡವಾಯಿತಾ? ಪೂರ್ತಿ ಇಲ್ಲ. ಮನೆಯಾಕೆ ತನ್ನ ಮೂಗುಬೊಟ್ಟು ತೂಗಿ, ಬಿಲ್ಲಿನಲ್ಲಿದ್ದ ತೂಕಕ್ಕಿಂತ ಎರಡು ಮಿಲಿಗ್ರಾಂ ಕಡಿಮೆ ಅಂತ ಅಂಗಡಿಗೆ ಫೋನ್ ಮಾಡಲು ಹೊರಟಿದ್ದಳು. ಫ್ಯಾನ್ ಆರಿಸಿ ಇನ್ನೊಮ್ಮೆ ತೂಗಿಸಿದೆ. ಸರಿಯಾಗಿಯೇ ಬಂತು. ಕೇಸರಿ, ಔಷಧಿ ಪುಡಿ ತೂಗುವುದಕ್ಕೆ ಬೇರೆ ತಟ್ಟೆ ಇಟ್ಟರೆ ಧಾರಾಳವಾಗಿ ಸಾಕು. ಹೊಸ ಬ್ರಾಂಡ್ ಡಬ್ಬಿ ತಂದಾಗ ಇಪ್ಪತ್ತು ಮೂವತ್ತು ಪೆಲೆಟ್ ತೂಗಿ ತಯಾರಿಕೆ ಹೇಗಿದೆ ಅಂತ ಅಂದಾಜು ಮಾಡಲೂ ಒಳ್ಳೆಯದು. 25 ಮಿಲಿಗ್ರಾಂ ಹರಡಿದ್ದರೆ ಆ ಬ್ರಾಂಡ್ ಕಡೆ ತಲೆ ಹಾಕಬೇಡಿ. ಅಷ್ಟಕ್ಕೆ ಗೆಳೆಯರಲ್ಲಿ ಒಬ್ಬರ ಹತ್ತಿರ ಇದ್ದರೆ ಸಾಕು, ಎಲ್ಲರೂ ಕೊಳ್ಳಬೇಕಾಗಿಲ್ಲ. ದೂರ ಹೊಡೆಯುವವರಿಗೆ, 50 ಮೀಟರ್‌ಗೆ ಏರ್ ರೈಫಲ್ ಹೊಡೆಯುವವರಿಗೆ ಲೆಕ್ಕ ಬೇರೆ. ಇಳಿತ ಇಪ್ಪತ್ತೈದು ಪಟ್ಟಿಗೂ ಜಾಸ್ತಿ ಆಗುತ್ತದೆ, ತೂಕದ ವ್ಯತ್ಯಾಸವೂ ಆ ಪ್ರಮಾಣದಲ್ಲೇ ಕಾಣುತ್ತದೆ. ಅವರು ತೂಗಲಿ. ಆದರೆ ಈ ತಕ್ಕಡಿಯಲ್ಲಿ ಬೇಡ, ಗಾಜಿನ ಗೂಡಿರುವ ಒಳ್ಳೆಯದನ್ನು ಹುಡುಕಲಿ.

10 ಮೀಟರ್‌ನವರು ಅದೇ ಎರಡು ಸಾವಿರಕ್ಕೆ ಮೂರು ತಲೆ ಸೈಜಿನ ಪೆಲೆಟ್ ಹೊಂದಿಸಿಕೊಳ್ಳಿ. ಒಂದೊಂದು ಡಬ್ಬಿ ಪೂರ್ತಿ ಕೊಳ್ಳಬೇಕಾಗಿಯೂ ಇಲ್ಲ, ಕ್ಲಬ್ಬಿನಲ್ಲಿ ಮೂವರು ಸೇರಿ ಹಂಚಿಕೊಳ್ಳಬಹುದು. ವೈಸ್‌ಗೆ ಕಟ್ಟಿ ಹೊಡೆದು, ನಿಮ್ಮ ನಳಿಗೆಗೆ ಹಿಡಿಸಿದ್ದು ಯಾವುದು ಅಂತ ಗೊತ್ತಾದ ಮೇಲೆ ಡಬ್ಬಿಯ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಗುರುತು) ಫೋಟೋ ತೆಗೆದುಕೊಳ್ಳಿ. ಅಂಗಡಿಯವರಿಗೆ ಅದನ್ನೇ ತೋರಿಸಿ, ಅದೇ ಲಾಟ್‌ನದು ಎಷ್ಟು ಡಬ್ಬಿ ಇದೆ ಕೇಳಿ. ಇದ್ದಷ್ಟೂ ತಂದಿಟ್ಟುಕೊಳ್ಳಿ. ಮುಂದಿನ ಲಾಟ್ ಬಂದಾಗ ಮತ್ತೆ ವೈಸ್‌ಗೆ ಕಟ್ಟಿ ನೋಡಬೇಕಾಗುತ್ತದೆ.